ಸೂರ್ಯ ಯಾವ ಕಡೆ ಸಾರ್?

‘ಗ್ರೀನ್ ಮ್ಯಾಟ್ ಹಾಕೇ ತೆಗೆದಿದ್ದೀವಿ ಸಾರ್. ಹಿಂದೆ ಏನು ಬೇಕಾದ್ರೂ ಕೂರಿಸಬಹುದು ಅಲ್ವಾ?’

ಸಿನಿಮಾ ಗ್ರಾಫಿಕ್ಸ್ ಕೆಲಸದಲ್ಲಿ ಹದಿನಾಲ್ಕು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ನಟರ ಹಿಂದೆ ಹಸಿರು ಬಟ್ಟೆ ಕಟ್ಟಿ ಶೂಟ್ ಮಾಡುವುದು, ಆಮೇಲೆ ಕಂಪ್ಯೂಟರಿನಲ್ಲಿ ಆ ಹಸಿರು ತೆಗೆದು ಬೇರೆ ಚಿತ್ರ ಕೂರಿಸುವುದು, ಅದೇ ಗ್ರೀನ್ ಮ್ಯಾಟ್. ಗಾಂಧಿನಗರದ ಆಫೀಸುಗಳಲ್ಲಿ ಕೇಳಿದ್ದೇನೆ, ಕೋರಮಂಗಲದ ಜಾಹೀರಾತಿನವರ ಮೀಟಿಂಗಿನಲ್ಲಿ ಕೇಳಿದ್ದೇನೆ, ಮೊನ್ನೆ ಭಾಮೈದನ ಮದುವೆಯಲ್ಲಿ ಫೋಟೋ ತೆಗೆಯಲು ಬಂದ ಹುಡುಗನ ಬಾಯಲ್ಲೂ ಕೇಳಿದೆ. ಕೂರಿಸಬಹುದಪ್ಪಾ. ಕೂರಿಸಿದ್ದು ಕೂರಲ್ಲ, ಅದೇ ತಾಪತ್ರಯ.

ಹಸಿರು ತೆಗೆಯುವುದು ಈಗ ಅಂಥ ದೊಡ್ಡ ಕೆಲಸವಲ್ಲ. ಬಟ್ಟೆಯನ್ನು ಸುಕ್ಕಿಲ್ಲದೆ ಕಟ್ಟಿ, ಒಂದೇ ಸಮ ಬೆಳಕು ಕೊಟ್ಟು, ನಟರನ್ನು ಎಂಟು ಹತ್ತು ಅಡಿ ಮುಂದೆ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಬಟ್ಟೆಗೆ ಅಂಟಿಕೊಂಡು ನಿಂತರೆ ಬಿಳಿ ಶರ್ಟಿನ ಅಂಚಿಗೆಲ್ಲ ಬಟ್ಟೆಯ ಹಸಿರು ಬೆಳಕು ಹತ್ತುತ್ತದೆ, ಅದನ್ನೂ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ತೊಳೆಯಬಹುದು. ಹಸಿರೇ ಯಾಕೆ ಅಂತ ಕೇಳುವವರೂ ಇದ್ದಾರೆ. ಕ್ಯಾಮೆರಾ ಸೆನ್ಸರಿನಲ್ಲಿ ಪ್ರತಿ ನಾಲ್ಕು ಚುಕ್ಕೆಗೆ ಎರಡು ಹಸಿರಿನವು, ಕೆಂಪು ಮತ್ತು ನೀಲಿ ಒಂದೊಂದೇ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಏರ್ಪಾಡು, ಇವತ್ತಿಗೂ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದೇ ನಡೆಯುತ್ತಿದೆ. ಅದಕ್ಕೇ ಹಸಿರಿನಲ್ಲಿ ಅಂಚು ಚೊಕ್ಕವಾಗಿ ಸಿಗುತ್ತದೆ.

ನನ್ನ ತಕರಾರು ಬೇರೆ. ಮ್ಯಾಟ್ ಮನುಷ್ಯನನ್ನು ಕತ್ತರಿಸಿ ಕೊಡುತ್ತದೆ. ಅವನ ಮೇಲೆ ಬಿದ್ದ ಬೆಳಕನ್ನು ತೆಗೆದು ಕೊಡುವುದಿಲ್ಲ. ಇದೊಂದು ವಿಷಯ ತಲೆಗೆ ಹೋದರೆ ನನ್ನ ಅರ್ಧ ರಾತ್ರಿಗಳು ಉಳಿಯುತ್ತವೆ.

ಒಂದು ಏಪ್ರಿಲ್ ಕೊನೆಯ ವಾರ. ರಾಜಾಜಿನಗರದ ಒಂದು ಮನೆಯ ತಾರಸಿ ಮೇಲೆ ಗ್ರೀನ್ ಕಟ್ಟಿ ಒಂದು ಶಾಟ್ ತೆಗೆದಿದ್ದರು. ನನ್ನನ್ನು ಕರೆದಿರಲಿಲ್ಲ, ಹಾರ್ಡ್ ಡಿಸ್ಕ್ ಮಾತ್ರ ಬಂತು. ಹೀರೋ ನಿಂತಿದ್ದಾನೆ, ತಿರುಗಿ ಒಂದು ಮಾತು ಹೇಳುತ್ತಾನೆ, 11 ಸೆಕೆಂಡು. ‘ಹಿಂದೆ ಬೆಟ್ಟ, ಸೂರ್ಯ ಮುಳುಗ್ತಾ ಇರ್ಬೇಕು ಸಾರ್, ಸಿಂಪಲ್’ ಅಂದರು ಡೈರೆಕ್ಟರು. ಒಳ್ಳೆಯ ಮನುಷ್ಯ, ಬಂದಾಗಲೆಲ್ಲ ನಮ್ಮ ಹುಡುಗರಿಗೆ ಬಿಸಿ ಬೋಂಡಾ ತರುತ್ತಿದ್ದರು, ಅದಕ್ಕೇ ಬೈಯಲೂ ಆಗುತ್ತಿರಲಿಲ್ಲ.

ಶಾಟ್ ತೆಗೆದು ನೋಡಿದೆ. ಮೂಗಿನ ನೆರಳು ನೆಟ್ಟಗೆ ಮೀಸೆ ಮೇಲೆ. ಕಣ್ಣುಗುಳಿ ಎರಡೂ ಕಪ್ಪು. ಭುಜದ ಮೇಲ್ಭಾಗ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನಲ್ಲಿ, ಮಧ್ಯಾಹ್ನ ಹನ್ನೆರಡೂ ಕಾಲಿನ ಹೊತ್ತಿಗೆ, ಸೂರ್ಯ ನಡುನೆತ್ತಿಗೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಇವರು ವರ್ಷದಲ್ಲೇ ನೆರಳು ಅತಿ ಗಿಡ್ಡಗಾಗುವ ಹೊತ್ತನ್ನು ಹುಡುಕಿ ಸೂರ್ಯಾಸ್ತ ತೆಗೆದಿದ್ದರು.

ಮುಳುಗುವ ಸೂರ್ಯನ ಬೆಳಕು ಅಡ್ಡಡ್ಡ ಬರುತ್ತದೆ. ಅವನು ಎಡಗಡೆ ಇದ್ದರೆ ಮೂಗಿನ ನೆರಳು ಬಲಗೆನ್ನೆಗೆ ಹೋಗಬೇಕು. ಬೆನ್ನ ಹಿಂದೆ ಇದ್ದರೆ ಕೂದಲಿನ ಅಂಚು, ಕಿವಿಯ ಅಂಚು ಹೊಳೆಯಬೇಕು, ಮುಖಕ್ಕೆ ಆಕಾಶದ ಮೆತ್ತಗಿನ ಬೆಳಕು ಮಾತ್ರ. ‘ಸ್ವಲ್ಪ ಕಿತ್ತಳೆ ಬಣ್ಣ ಮಾಡಿ, ಡಿಐಯಲ್ಲಿ ಸರಿಹೋಗುತ್ತೆ’ ಅನ್ನುತ್ತಾರೆ. ಡಿಐ ಅಂದರೆ ಕೊನೆಯಲ್ಲಿ ಇಡೀ ಸಿನಿಮಾದ ಬಣ್ಣ ತಿದ್ದುವ ಕೆಲಸ. ಬಣ್ಣ ಬದಲಿಸಬಹುದು, ಅದು ನಿಜ. ಆದರೆ ಕಿತ್ತಳೆ ಬಣ್ಣದ ಮಧ್ಯಾಹ್ನ ಮಧ್ಯಾಹ್ನವೇ. ನೆರಳಿನ ದಿಕ್ಕು ಬದಲಾಗಲ್ಲ, ಅಂಚು ಬದಲಾಗಲ್ಲ. ಬಿಸಿಲಿನ ನೆರಳಿಗೆ ಗೆರೆ ಎಳೆದಂಥ ಅಂಚು, ಜುಲೈ ಮೋಡದಲ್ಲಿ ಆ ಅಂಚೇ ಇಲ್ಲ. ನೋಡುವವರಿಗೆ ಇದೆಲ್ಲ ವಿವರಿಸಿ ಹೇಳಲು ಬರದಿರಬಹುದು, ಆದರೆ ಎಲ್ಲೋ ಏನೋ ಅಂಟಿಸಿದ ಹಾಗಿದೆ ಅಂತ ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುತ್ತದೆ.

ಇದೇನು ಹೊಸ ವಿದ್ಯೆ ಅಲ್ಲ. ನಾನು ಚಿಕ್ಕವನಿದ್ದಾಗ ಚಾಮರಾಜಪೇಟೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಗೋಡೆಗೆ ಚಿತ್ರ ಬರೆದ ಪರದೆ, ಅದರಲ್ಲಿ ಕೊಳ, ಮೆಟ್ಟಿಲು, ಬಲಮೂಲೆಯಲ್ಲಿ ಚಂದ್ರ. ಅಲ್ಲಿನ ಅಜ್ಜ ನಮ್ಮನ್ನು ಕೂರಿಸುವ ಮೊದಲು ಲೈಟ್ ಸ್ಟ್ಯಾಂಡನ್ನು ಕರಕರ ಎಳೆದುಕೊಂಡು ಬಲಗಡೆಗೇ ತರುತ್ತಿದ್ದರು. ಎಡಗಡೆ ಪ್ಲಗ್ ಹತ್ತಿರ ಇತ್ತು, ಆದರೂ ವೈರು ಸುತ್ತಿಸಿ ಬಲಕ್ಕೇ ತರುತ್ತಿದ್ದರು. ಯಾಕೆ ತಾತ ಅಂದರೆ ‘ಚಂದ್ರ ಆ ಕಡೆ ಇದಾನಲ್ಲೋ’ ಅಂದಿದ್ದರು. ಅವರ ಹತ್ತಿರ ಕಂಪ್ಯೂಟರ್ ಇರಲಿಲ್ಲ, ಆಮೇಲೆ ನೋಡ್ಕೊಳ್ಳೋಣ ಅನ್ನುವ ಧೈರ್ಯ ಅದಕ್ಕೇ ಬರಲಿಲ್ಲವೇನೋ.

ನಾನು ಸೆಟ್ಟಿಗೆ ಹೋದಾಗ ಎರಡು ಚೆಂಡು ಒಯ್ಯುತ್ತೇನೆ. ಒಂದು ಬೂದು ಬಣ್ಣದ್ದು, ಇನ್ನೊಂದು ಕನ್ನಡಿಯಂತೆ ಹೊಳೆಯುವ ಸ್ಟೀಲಿನದು. ಶಾಟ್ ಮುಗಿದ ಕೂಡಲೇ ನಟ ನಿಂತ ಜಾಗದಲ್ಲೇ ಹಿಡಿದು ಒಂದು ನಿಮಿಷ ಶೂಟ್ ಮಾಡಿಸುತ್ತೇನೆ. ಬೂದು ಚೆಂಡಿನಲ್ಲಿ ಬೆಳಕು ಎತ್ತಲಿಂದ ಬಂತು, ನೆರಳು ಎಷ್ಟು ಗಟ್ಟಿ ಅನ್ನುವುದು ಸಿಗುತ್ತದೆ. ಸ್ಟೀಲ್ ಚೆಂಡಿನಲ್ಲಿ ಯಾವ ಲೈಟ್ ಎಲ್ಲಿತ್ತು ಅನ್ನುವುದು ಕಾಣುತ್ತದೆ. ‘ಏನ್ ಸಾರ್, ಕ್ರಿಕೆಟ್ಟಾ?’ ಅಂತ ನಗುತ್ತಾರೆ. ಲೈಟ್ ಡಿಪಾರ್ಟ್‌ಮೆಂಟಿನ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಕಂಠೀರವ ಸ್ಟುಡಿಯೋದಲ್ಲಿ ಒಂದು ಸಲ, ನಾನು ಬಾಯಿ ತೆರೆಯುವ ಮೊದಲೇ, ಕೈಯಲ್ಲಿ ಥರ್ಮಾಕೋಲ್ ಹಿಡಿದು ‘ಹಿಂದೆ ಸೂರ್ಯ ಯಾವ ಕಡೆ ಸಾರ್?’ ಅಂದರು. ಇಷ್ಟು ವರ್ಷದಲ್ಲಿ ಒಬ್ಬ ಪ್ರೊಡ್ಯೂಸರೂ ನನ್ನನ್ನು ಈ ಪ್ರಶ್ನೆ ಕೇಳಿಲ್ಲ.

ಹಿಂದೆ ಬರುವ ಚಿತ್ರ ಮೊದಲೇ ತಯಾರಿರಬೇಕು ಅಂತ ನಾನು ಹಠ ಹಿಡಿಯುತ್ತಿಲ್ಲ. ಬಜೆಟ್ ಕಷ್ಟ ಗೊತ್ತು. ಫೋನಿನಲ್ಲಿ ತೆಗೆದ ಒಂದು ಫೋಟೋ ಸಾಕು, ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಕಾಣಬೇಕು ಅಷ್ಟೆ. ಅದೂ ಇಲ್ಲವಾದರೆ ಮೇಲೆ ಸ್ಕಿಮ್ಮರ್, ಅಂದರೆ ಬಿಸಿಲು ಸೋಸುವ ಬಿಳಿ ಬಟ್ಟೆ, ಕಟ್ಟಿ ಮೆತ್ತಗಿನ ಬೆಳಕಲ್ಲಿ ತೆಗೆಯಿರಿ, ಮೋಡದ ದಿನವಾದರೂ ಮಾಡಬಹುದು. ಈಗ ಎಐ ಬಂದಿದೆ, ಮುಖದ ಬೆಳಕನ್ನೇ ತಿರುಗಿಸುತ್ತದಂತೆ ಅಂತ ವಾಟ್ಸಾಪಿನಲ್ಲಿ ವಿಡಿಯೋ ಕಳಿಸುತ್ತಾರೆ. ನಾನೂ ಬಳಸುತ್ತೇನೆ. ಸ್ಟಿಲ್ ಫೋಟೋದಲ್ಲಿ ಕೆಲವು ಸಲ ಚೆನ್ನಾಗೇ ಬರುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ, ಆ ಮುಖ ತಿರುಗಿ ಮಾತಾಡುವಾಗ, ನನ್ನ ಅನುಭವದಲ್ಲಿ ನೆರಳು ಅಲುಗಾಡಲು ಶುರುವಾಗುತ್ತದೆ. ನಾಳೆ ಸರಿಹೋಗಬಹುದು, ನಾನು ಬರೆದುಕೊಡಲ್ಲ.

ಆ 11 ಸೆಕೆಂಡಿನಲ್ಲಿ 264 ಫ್ರೇಮ್. ಇಬ್ಬರು ಹುಡುಗರು ಎರಡು ವಾರ ಮೂಗಿನ ನೆರಳು ಅಳಿಸಿ ಕೆನ್ನೆಗೆ ಬರೆದರು. ನೋಡಿದರೆ ಹೀರೋಗೆ ಮಂಗನಬಾವು ಬಂದ ಹಾಗಿತ್ತು. ಕೊನೆಗೆ ಡೈರೆಕ್ಟರನ್ನು ಕೂರಿಸಿಕೊಂಡು, ಬೋಂಡಾ ತಿನ್ನುತ್ತಲೇ, ಬೆಟ್ಟ ಇರಲಿ, ಸಂಜೆ ಬೇಡ, ಸುಡುಬಿಸಿಲು ಹಾಕೋಣ ಅಂದೆ. ಅರ್ಧ ದಿನದಲ್ಲಿ ಶಾಟ್ ಮುಗಿಯಿತು. ಡೈಲಾಗ್ ಒಂದೇ ಬಾಕಿ. ಹೀರೋ ‘ಸಂಜೆ ಆಯ್ತು, ಹೊರಡೋಣ’ ಅಂದಿದ್ದ. ಡಬ್ಬಿಂಗ್‌ನಲ್ಲಿ ‘ಹೊತ್ತಾಯ್ತು, ಹೊರಡೋಣ’ ಅನ್ನಿಸಿದರು. ತುಟಿ ಹೆಚ್ಚು ಕಮ್ಮಿ ಕೂತಿತು.