ಬೀಜ ಆರಿಸಿದ ಕಣ್ಣು

ನಮ್ಮ ದೊಡ್ಡಮ್ಮ ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ಬಹಳ ವರ್ಷ ಬೀಜ ಆರಿಸುತ್ತಿದ್ದರು. ಮುಂದೆ ಬೀಜದ ರಾಶಿ. ಕಪ್ಪಾದದ್ದು, ಹುಳ ಕೊರೆದದ್ದು, ಒಡೆದದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಬೆರಳು ಅಲ್ಲಿಗೆ ಹೋಗಿರುತ್ತಿತ್ತು. ಆದರೆ ಒಂದು ಬಗೆಯ ಕೆಟ್ಟ ಬೀಜ ಅವರಿಗೂ ಸಿಗುತ್ತಿರಲಿಲ್ಲ. ನೋಡಲು ಒಳ್ಳೆ ಬೀಜದ ಹಾಗೇ ಇರುತ್ತದೆ, ಒಳಗೆ ಕೊಳೆತ ನಾತ. ಅಲ್ಟ್ರಾವಯಲೆಟ್ ದೀಪ ಹಿಡಿದರೆ ಇಂಥ ಬೀಜಗಳಲ್ಲಿ ಹಲವು ಹೊಳೆಯುತ್ತವೆ. ಆ ಹೊಳಪು ಹಿಡಿದು ಬೀಜ ಬೇರೆ ಮಾಡುವ ಯಂತ್ರಗಳೂ ಬಂದಿವೆ.

ದೊಡ್ಡಮ್ಮನಿಗೆ ಈಗ ಶುಗರ್. ಡ್ರಾಪ್ಸ್ ಹಾಕಿ ನೋಡಿದಾಗ ರೆಟಿನಾದಲ್ಲಿ, ಅಂದರೆ ಕಣ್ಣಿನ ಹಿಂದಿನ ಪರದೆಯಲ್ಲಿ, ರಕ್ತದ ಚುಕ್ಕೆಗಳು ಕಂಡವು. ‘ನಂಗೆ ಚೆನ್ನಾಗೇ ಕಾಣುತ್ತಲ್ಲೋ’ ಅಂದರು. ಈ ಕಾಯಿಲೆಯ ದೊಡ್ಡ ಕಷ್ಟ ಇದೇ. ನೋಟ ಚೆನ್ನಾಗಿರುವಾಗಲೇ ಒಳಗೆ ಹಾನಿ ಶುರುವಾಗಿರುತ್ತದೆ.

ಆ ಹಾನಿಯನ್ನು ಮೈಕ್ರೋಸ್ಕೋಪಿನಲ್ಲಿ ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ಕೋಗನ್ ಮತ್ತು ಕುವಬಾರ ಮುಖ್ಯರು. 1960ರ ದಶಕದ ಆರಂಭದ ಮಾತು. ಮಕ್ಕಳು ಅರಳಿ ಎಲೆಯನ್ನು ನೀರಲ್ಲಿ ಕೊಳೆಸಿ ನರಗಳ ಜಾಲರಿ ಮಾತ್ರ ಉಳಿಸಿಕೊಳ್ಳುತ್ತಾರಲ್ವಾ? ಅವರು ರೆಟಿನಾಗೆ ಹಾಗೇ ಮಾಡಿದರು. ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಉಳಿದದ್ದನ್ನೆಲ್ಲ ಕರಗಿಸಿ ರಕ್ತನಾಳಗಳ ಜಾಲರಿಯನ್ನಷ್ಟೇ ಉಳಿಸಿಕೊಂಡರು. ಸಣ್ಣ ನಾಳಗಳನ್ನು ಹೊರಗಿನಿಂದ ಅಪ್ಪಿಕೊಂಡು ಆಧಾರ ಕೊಡುವ ಪೆರಿಸೈಟ್ ಎಂಬ ಕೋಶಗಳಿವೆ. ಸಕ್ಕರೆ ಕಾಯಿಲೆಯವರ ಜಾಲರಿಯಲ್ಲಿ ಎಷ್ಟೋ ಕಡೆ ಆ ಕೋಶಗಳಿದ್ದ ಜಾಗ ಖಾಲಿ. ಮನೆ ಬಿಟ್ಟು ಹೋದ ಮೇಲೆ ಉಳಿದ ಗೋಡೆಯ ಹಾಗೆ.

ಆದರೆ ಇದು ಕೋಶ ಸತ್ತ ಮೇಲಿನ ಚಿತ್ರ. ಸಾಯುವ ಮೊದಲು ಏನಾಗಿತ್ತು? ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸುವ ಪ್ರಶ್ನೆ ಇದು. ಇಲ್ಲಿ ಕೆಲಸಕ್ಕೆ ಬರುವುದು ಸ್ಪೆಕ್ಟ್ರಲ್ ಇಮೇಜಿಂಗ್.

ಮಾಮೂಲಿ ಕ್ಯಾಮೆರಾ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರೇ ಪಾಲು ಮಾಡುತ್ತದೆ. ಸ್ಪೆಕ್ಟ್ರಲ್ ಕ್ಯಾಮೆರಾ ಹತ್ತಾರು ಸಣ್ಣ ಪಾಲು ಮಾಡುತ್ತದೆ. ಚಿತ್ರದ ಒಂದೊಂದು ಚುಕ್ಕೆಯಲ್ಲೂ ಯಾವ ಬಣ್ಣ ಎಷ್ಟಿದೆ ಎಂಬ ಪೂರ್ತಿ ಲೆಕ್ಕ ಸಿಗುತ್ತದೆ. ಈ ಲೆಕ್ಕದ ಬೆಲೆ ಹೊಸದೇನಲ್ಲ. 1864ರಲ್ಲೇ ಸ್ಟೋಕ್ಸ್ ಎಂಬ ವಿಜ್ಞಾನಿ ರಕ್ತದ ಮೂಲಕ ಬೆಳಕು ಹಾಯಿಸಿ, ಆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದ. ಆಕ್ಸಿಜನ್ ತುಂಬಿದ ರಕ್ತ 542 ಮತ್ತು 577 ನ್ಯಾನೊಮೀಟರ್ ತರಂಗಾಂತರದ ಹತ್ತಿರ ಎರಡು ಕಪ್ಪು ಪಟ್ಟಿ ತೋರಿಸುತ್ತದೆ. ಆಕ್ಸಿಜನ್ ಬಿಟ್ಟುಕೊಟ್ಟ ರಕ್ತದಲ್ಲಿ ಅವೆರಡೂ ಹೋಗಿ 555ರ ಹತ್ತಿರ ಒಂದೇ ಪಟ್ಟಿ. ಜೀವಂತ ರೆಟಿನಾದ ಯಾವ ನಾಳದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಂದಾಜು ಮಾಡಲು ಈಗಲೂ ಇದೇ ದಾರಿ.

ಮೈಕ್ರೋಸ್ಕೋಪಿನಡಿಯ ತೆಳು ಪದರದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ತಕ್ಕ ಬೆಳಕು ಹಿಡಿದರೆ ಆ ಕಾಫಿ ಬೀಜದಂತೆ ನಮ್ಮ ಕೋಶಗಳೂ ತಾವಾಗಿಯೇ ಹೊಳೆಯುತ್ತವೆ. ಕೋಶದ ಶಕ್ತಿ ವ್ಯವಹಾರ ನೋಡಿಕೊಳ್ಳುವ ಎನ್‌ಎಡಿಎಚ್ ನೀಲಿಯಾಗಿ, ಎಫ್‌ಎಡಿ ಹಸಿರಾಗಿ, ವಯಸ್ಸಾದಂತೆ ಕೂಡಿಕೊಳ್ಳುವ ಲಿಪೊಫಸಿನ್ ಹಳದಿ-ಕಿತ್ತಳೆಯಾಗಿ. ಮೊದಲೆರಡರ ಪ್ರಮಾಣ ಏರುಪೇರಾದರೆ ಕೋಶದ ಒಳಗಿನ ಶಕ್ತಿಕೇಂದ್ರಗಳು, ಅಂದರೆ ಮೈಟೋಕಾಂಡ್ರಿಯಾ, ತೊಂದರೆಯಲ್ಲಿವೆಯೇ ಎಂಬ ಸುಳಿವು ಸಿಗುತ್ತದೆ. ಬಣ್ಣ ಹಾಕುವ ಗೋಜಿಲ್ಲ. ಈ ಹೊಳಪುಗಳು ಒಂದರ ಮೇಲೊಂದು ಬೆರೆತಿರುತ್ತವೆ, ನಿಜ. ಜಾತ್ರೆಯಲ್ಲಿ ಡೊಳ್ಳು, ವಾಲಗ ಒಟ್ಟಿಗೇ ಬಂದರೂ ಕಿವಿ ಎರಡನ್ನೂ ಗುರುತಿಸುತ್ತದೆ. ಒಂದೊಂದು ವಸ್ತುವಿನ ಬಣ್ಣದ ಗುರುತು ಮೊದಲೇ ಗೊತ್ತಿದ್ದರೆ ಕಂಪ್ಯೂಟರ್ ಕೂಡ ಬೆರಕೆಯನ್ನು ಹಾಗೇ ಬಿಡಿಸುತ್ತದೆ.

ಇದಕ್ಕೆಲ್ಲ ರೆಟಿನಾ ಎಲ್ಲಿಂದ ಬರಬೇಕು? ಪ್ರಯೋಗದ ಇಲಿಗಳಿಂದ ಒಂದಷ್ಟು. ಮನುಷ್ಯರದ್ದು ಹೆಚ್ಚಾಗಿ ದಾನದ ಕಣ್ಣುಗಳಿಂದ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ನಮಗೆಲ್ಲ ಗೊತ್ತು. ಹಾಗೆ ಕಸಿ ಮಾಡುವುದು ಮುಂದಿನ ಕಾರ್ನಿಯಾವನ್ನು. ಮನೆಯವರು ಒಪ್ಪಿದರೆ ಹಿಂದಿನ ರೆಟಿನಾ ಸಂಶೋಧನೆಗೆ ಹೋಗಬಹುದು.

ಇದನ್ನು ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ‘ಶುಗರ್ ಇರೋರ ಕಣ್ಣು ತಗೋತಾರಾ?’ ಅಂದರು. ತಗೊಳ್ಳುತ್ತಾರೆ. ಈ ಕೆಲಸಕ್ಕಂತೂ ಅಂಥ ಕಣ್ಣೇ ಬೇಕು. ಫಾರಂ ತಂದುಕೊಟ್ಟಿದ್ದೇನೆ, ಕನ್ನಡಕದ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದಾರೆ. ಮುಂದಿನ ತಿಂಗಳು ಮತ್ತೆ ರೆಟಿನಾ ತಪಾಸಣೆಗೆ ಕರೆದುಕೊಂಡು ಹೋಗಬೇಕು.