ಫೋನಿಗೆ ಬೆವರು ಬರುವುದಿಲ್ಲ

ರಾಯಚೂರಿನಲ್ಲಿ ಏಪ್ರಿಲ್ ಬಂತು ಅಂದ್ರೆ ಸಂಜೆ ಆರರ ತನಕ ಯಾರೂ ಸುಮ್ನೆ ಹೊರಗೆ ಬರುವುದಿಲ್ಲ. ಆರು ದಾಟಿದ ಮೇಲೆ ಸ್ಟೇಷನ್ ರಸ್ತೆ ಕಡೆಯ ಒಂದು ಮಿರ್ಚಿ ಬಂಡಿ ಹತ್ತಿರ ನಾವು ನಾಲ್ಕೈದು ಜನ ಸೇರುತ್ತೇವೆ. ಒಬ್ಬ ಆಟೊ ಓಡಿಸುತ್ತಾನೆ, ಒಬ್ಬನದು ಬೀಜ-ಗೊಬ್ಬರದ ಅಂಗಡಿ, ಇನ್ನೊಬ್ಬರು ಮೊಬೈಲ್ ರಿಪೇರಿ ಮಾಡುವ ಅಣ್ಣ. ಮಂಡಾಳ ಒಗ್ಗರಣೆ ಕೈಗೆ ಬರುವ ಮೊದಲೇ ಮಾತು ಫೋನಿಗೆ ಬಂದಿರುತ್ತದೆ. ಯಾವ ಮಾಡೆಲ್ ಹೊಸದು, ಯಾವುದರ ಕ್ಯಾಮೆರಾ ಚೆನ್ನಾಗಿದೆ, ಐದು ಸಾವಿರ ಜಾಸ್ತಿ ಕೊಟ್ಟು ದೊಡ್ಡದು ತಗೊಳ್ಳಬೇಕೋ ಬೇಡವೋ. ಆದರೆ ಬೇಸಿಗೆಯಲ್ಲಿ ಎಲ್ಲ ಮಾತೂ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ. "ಲೇ ದೋಸ್ತ, ಹೋದ ವರ್ಷ ತಗೊಂಡಿದ್ದು, ಈಗ್ಲೇ ಚಾರ್ಜ್ ನಿಲ್ಲವಲ್ದು."

ಕಾರಣ ಎಲ್ಲರ ಹತ್ತಿರವೂ ಇರುತ್ತದೆ. ಒಬ್ಬ ಫಾಸ್ಟ್ ಚಾರ್ಜರ್ ಮೇಲೆ ಹಾಕುತ್ತಾನೆ. ಇನ್ನೊಬ್ಬ ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದೇ ತಪ್ಪು ಅನ್ನುತ್ತಾನೆ. ಪೂರ್ತಿ ಸೊನ್ನೆಗೆ ಇಳಿಸಿ ಆಮೇಲೆ ಹಾಕಬೇಕು ಅನ್ನುವ ಹಳೇ ಮಾತೂ ಇನ್ನೂ ಓಡುತ್ತಿದೆ. ಅದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಅದರ ಅಗತ್ಯವೇ ಇಲ್ಲ, ಪದೇ ಪದೇ ಸೊನ್ನೆಗೆ ಇಳಿಸಿದರೆ ಅದಕ್ಕೆ ಒಳ್ಳೆಯದೂ ಅಲ್ಲ. ಉಳಿದ ಎರಡು ಕಾರಣಗಳಲ್ಲಿ ಸ್ವಲ್ಪ ನಿಜ ಇದೆ. ಆದರೆ ನಮ್ಮೂರಲ್ಲಿ ಬ್ಯಾಟರಿಯನ್ನು ಎಲ್ಲಕ್ಕಿಂತ ಜಾಸ್ತಿ ತಿನ್ನುವುದು ಬಿಸಿಲು. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಕು ಅನ್ನಿಸುವುದಿಲ್ಲ, ಯಾಕೆಂದರೆ ದುಡ್ಡು ಕೂಡಿಟ್ಟು ತಗೊಂಡ ಫೋನು ಎರಡೇ ಬೇಸಿಗೆಗೆ ಸುಸ್ತಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಬ್ಯಾಟರಿ ಒಳಗೆ ನಡೆಯುವುದು ಇಷ್ಟು. ಒಂದು ಕಡೆ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಪದಾರ್ಥ. ಇನ್ನೊಂದು ಕಡೆ ಲಿಥಿಯಂ ಇರುವ ಲೋಹದ ಆಕ್ಸೈಡ್. ನಡುವೆ ಒಂದು ದ್ರವ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ಸಂದಿಗೆ ಹೋಗಿ ಕೂರುತ್ತವೆ, ಫೋನ್ ಬಳಸುವಾಗ ವಾಪಸ್ ಬರುತ್ತವೆ. ಸೋನಿ ಕಂಪನಿ 1991ರಲ್ಲಿ ಇಂಥ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ಬುನಾದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೋಶಿನೊ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈಗ ನಮ್ಮ ಮನೆಯ ಬೋರ್ ನೀರನ್ನು ನೆನಪು ಮಾಡಿಕೊಳ್ಳಿ. ದಿನಾ ಅದೇ ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬೆಳ್ಳಗೆ ಉಪ್ಪು ಕಟ್ಟುತ್ತದೆ, ತಿಂಗಳು ಕಳೆದಂತೆ ಪದರ ದಪ್ಪ ಆಗುತ್ತದೆ. ಬ್ಯಾಟರಿಯಲ್ಲೂ ಗ್ರಾಫೈಟ್ ಮೇಲೆ ಇಂಥದೇ ಒಂದು ಪದರ ಕಟ್ಟುತ್ತದೆ. ಮೊದಲ ಸಲ ಚಾರ್ಜ್ ಆದಾಗ ಕಟ್ಟುವ ತೆಳು ಪದರ ಬೇಕೇ ಬೇಕು, ಅದಿಲ್ಲದಿದ್ದರೆ ದ್ರವ ಗ್ರಾಫೈಟ್ ಹತ್ತಿರ ಹಾಳಾಗುತ್ತಲೇ ಇರುತ್ತದೆ. ತೊಂದರೆ ಅಂದ್ರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ನಿಧಾನಕ್ಕೆ ಬೆಳೆಯುತ್ತದೆ, ಬೆಳೆಯುವಾಗ ಲಿಥಿಯಂ ತಿನ್ನುತ್ತದೆ. ಹಾಗೆ ಸಿಕ್ಕಿಬಿದ್ದ ಲಿಥಿಯಂ ಮತ್ತೆ ಓಡಾಡುವುದಿಲ್ಲ. ಪರದೆಯ ಮೇಲೆ 100 ಅಂತಲೇ ತೋರಿಸುತ್ತದೆ, ಆದರೆ ಆ ನೂರು ಹೊಸ ಫೋನಿನ ನೂರಲ್ಲ.

ಈ ಪದರ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದರಲ್ಲಿ ಬಿಸಿಯ ಪಾತ್ರ ತುಂಬಾ ದೊಡ್ಡದು. ರಸಾಯನಶಾಸ್ತ್ರದಲ್ಲಿ ಒಂದು ಒರಟು ಲೆಕ್ಕ ಇದೆ: 10 ಡಿಗ್ರಿ ಜಾಸ್ತಿ ಆದರೆ ಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ಚಳಿಗಾಲದಲ್ಲಿ ಎರಡು ದಿನ ಚೆನ್ನಾಗಿರುವ ಮೊಸರು ಮೇ ತಿಂಗಳಲ್ಲಿ ಮಧ್ಯಾಹ್ನಕ್ಕೇ ಹುಳಿ ಬರುತ್ತದಲ್ವಾ, ಅದೇ ತರ. ಎಷ್ಟೋ ಫೋನುಗಳ ಜೊತೆ ಬರುವ ಕಾಗದದಲ್ಲಿ 0ಯಿಂದ 35 ಡಿಗ್ರಿ ಒಳಗೆ ಬಳಸಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುವುದು ಹೊಸದೇನಲ್ಲ. ರಾತ್ರಿ ಮಲಗಿದಾಗಲೂ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಯನ್ನು ಮೇಲಿಂದ ಇಳಿಸುತ್ತಲೇ ಇರುತ್ತದೆ. ಅಂಥ ಕೋಣೆಯಲ್ಲಿ ಫೋನನ್ನು ದಿಂಬಿನ ಕೆಳಗಿಟ್ಟು ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತವೆ. ಒಂದು ಬಿಸಿ. ಇನ್ನೊಂದು, ತುಂಬಿದ ಬ್ಯಾಟರಿಯ ವೋಲ್ಟೇಜು ಮೇಲೇ ಇರುತ್ತದೆ, ಆ ಸ್ಥಿತಿಯಲ್ಲಿ ಒಳಗಿನ ಹಾಳಾಗುವಿಕೆ ಇನ್ನೂ ಬೇಗ. ಫೋನಿನಲ್ಲಿ 80ಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಬೇಸಿಗೆಯಲ್ಲಾದರೂ ಅದನ್ನು ಹಾಕಿಡಿ.

ಆಟೊ ದೋಸ್ತನ ಫೋನು ದಿನವಿಡೀ ಮುಂದಿನ ಗಾಜಿನ ಹತ್ತಿರ, ಮ್ಯಾಪ್ ಹಾಕಿಕೊಂಡು, ಬ್ರೈಟ್‌ನೆಸ್ ಪೂರ್ತಿ ಏರಿಸಿಕೊಂಡು, ಚಾರ್ಜಿಂಗ್ ವೈರಿಗೆ ಸಿಕ್ಕಿಕೊಂಡೇ ಇರುತ್ತದೆ. ಒಂದು ದಿನ ಅವನೇ ಕೇಳಿದ, "ಅಣ್ಣ, ಫೋನ್ ಬಿಸಿ ಆಗೋದು ಮ್ಯಾಪಿನಿಂದನಾ, ಬಿಸಿಲಿಂದನಾ?" ಒಳ್ಳೆಯ ಪ್ರಶ್ನೆ. ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದೆವು. ನೆತ್ತಿ ಮೇಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿ ಸುರಿಯುತ್ತದೆ. ಫೋನಿನ ಮುಖ ಸುಮಾರು 16 ಸೆಂಟಿಮೀಟರ್ ಉದ್ದ, ಏಳೂವರೆ ಸೆಂಟಿಮೀಟರ್ ಅಗಲ. ಅಷ್ಟು ಜಾಗದ ಮೇಲೆ ಬಿಸಿಲು ನೇರ ಬಿದ್ದರೆ 12 ವಾಟ್. ಮ್ಯಾಪ್ ಹಾಕಿಕೊಂಡು ಪರದೆ ಪೂರ್ತಿ ಬೆಳಗಿದರೂ ಫೋನು ತಾನಾಗಿ ಖರ್ಚು ಮಾಡುವುದು ಎರಡು ಮೂರು ವಾಟ್. ಗಾಜಿನಲ್ಲಿ, ಓರೆಯಲ್ಲಿ, ಪ್ರತಿಫಲನದಲ್ಲಿ ಸ್ವಲ್ಪ ಕಳೆದರೂ ಬಿಸಿಲಿನ ಪಾಲೇ ಜಾಸ್ತಿ. ಪರದೆ ತಾನೇ ಮಬ್ಬಾಗುವುದು, ಚಾರ್ಜ್ ಏರದೆ ನಿಲ್ಲುವುದು, ಫೋನ್ ನಿಧಾನ ಆಗುವುದು ಎಲ್ಲ ಆಗ ಶುರು. ಅದು ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ಗೊಬ್ಬರದ ಅಂಗಡಿಯವನ ಸಮಸ್ಯೆ ಬೇರೆ. ಅವನು ಹಳ್ಳಿ ಹಳ್ಳಿ ತಿರುಗುತ್ತಾನೆ, ಹೊಲದ ಕಡೆ ಟವರ್ ಒಂದೇ ಕಡ್ಡಿ. ಟವರ್ ದೂರ ಇದ್ದಷ್ಟೂ ಫೋನು ಜೋರಾಗಿ ಕೂಗಬೇಕು, ಅಂದರೆ ಜಾಸ್ತಿ ಶಕ್ತಿ ಹಾಕಿ ಸಿಗ್ನಲ್ ಕಳಿಸಬೇಕು. ಮಾತೇ ಆಡದಿದ್ದರೂ ಬ್ಯಾಟರಿ ಇಳಿಯುವುದು, ಜೇಬು ಬೆಚ್ಚಗಾಗುವುದು ಅದಕ್ಕೇ. ಕರೆ ಬೇಡದ ಹೊತ್ತಲ್ಲಿ ಏರೋಪ್ಲೇನ್ ಮೋಡ್‌ಗೆ ಹಾಕು ಅಂದೆ.

ಫೋನು ಬಿಸಿ ಆದರೆ ನಾವು ಮೊದಲು ಮಾಡುವುದು ಫ್ಯಾನಿನ ಕೆಳಗೆ ಇಡುವುದು. ಸ್ವಲ್ಪ ಉಪಯೋಗ ಆಗುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಫ್ಯಾನ್ ಗಾಳಿ ನಮಗೆ ಹಿತ ಅನ್ನಿಸುವುದು ಬೆವರು ಆರುವುದರಿಂದ. ನೀರು ಆವಿಯಾಗುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿ 42 ಡಿಗ್ರಿ ಗಾಳಿಯಲ್ಲೂ ನಮ್ಮ ಮೈ 37ರ ಹತ್ತಿರ ನಿಲ್ಲುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಅದರ ಹೊಟ್ಟೆ ಜಿನುಗಿ ಆರುವುದರಿಂದಲೇ. ಫೋನಿಗೆ ಬೆವರು ಬರುವುದಿಲ್ಲ. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ಫೋನು ಕೋಣೆಯ ಗಾಳಿಗಿಂತ ತಣ್ಣಗಾಗಲು ಸಾಧ್ಯವೇ ಇಲ್ಲ. ಕೋಣೆ 42 ಇದ್ದರೆ ಫೋನೂ 42ಕ್ಕೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕೆಳಗಿಲ್ಲ.

ಅದಕ್ಕಿಂತ ಒಳ್ಳೆಯದು ನಮ್ಮ ಹಳೇ ಮನೆಗಳ ಶಹಾಬಾದ್ ಕಲ್ಲಿನ ನೆಲ. ಮಧ್ಯಾಹ್ನ ಒಳಮನೆಯಲ್ಲಿ ಅದರ ಮೇಲೆ ಬರಿಗಾಲಿಟ್ಟರೆ ಗೊತ್ತಾಗುತ್ತದಲ್ಲ, ಎಷ್ಟು ತಂಪು. ಆ ಕಲ್ಲು ದಪ್ಪ, ಅದರ ಕೆಳಗೆ ನೆಲ, ಎರಡೂ ಬೇಗ ಕಾಯುವುದಿಲ್ಲ. ಬಿಸಿಯನ್ನು ಗಾಳಿಗಿಂತ ಚೆನ್ನಾಗಿ ಎಳೆದುಕೊಳ್ಳುತ್ತವೆ ಕೂಡ. ಫೋನಿನ ಪೌಚ್ ತೆಗೆದು, ಬೆನ್ನು ಕಲ್ಲಿಗೆ ತಾಗುವಂತೆ ಇಡಿ, ಅಷ್ಟೇ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. ತಣ್ಣನೆ ನೀರು ತುಂಬಿದ ಸ್ಟೀಲ್ ಲೋಟದ ಹೊರಗೆ ಹನಿ ಕೂರುವ ಹಾಗೆ, ತಣ್ಣಗಾದ ಫೋನನ್ನು ಹೊರಗೆ ತೆಗೆದಾಗ ಅದರ ಒಳಗೂ ಹನಿ ಕೂರಬಹುದು.

ನಮ್ಮ ಅಮ್ಮನ ಫೋನು ಎರಡು ಬೇಸಿಗೆ ಅಡುಗೆಮನೆ ಕಿಟಕಿಯಲ್ಲೇ ಚಾರ್ಜ್ ಆಗುತ್ತಿತ್ತು. ಒಂದು ಕಡೆ ಪಡುವಣ ಬಿಸಿಲು, ಇನ್ನೊಂದು ಕಡೆ ಗ್ಯಾಸ್ ಒಲೆ. ಒಂದು ದಿನ ಹಿಂದಿನ ಕವರ್ ಬದಿಯಲ್ಲಿ ಎದ್ದು ನಿಂತಿತ್ತು, ಸಂದಿಯಲ್ಲಿ ಉಗುರು ಹೋಗುವಷ್ಟು. ಅಮ್ಮ ಅದನ್ನು ಒತ್ತಿ ಕೂರಿಸಲು ಹೋಗಿದ್ದರು, ನಾನು ಕೂಗಿದೆ. ಒಳಗಿನ ದ್ರವ ಒಡೆದು ಅನಿಲ ಆಗಿ ಬ್ಯಾಟರಿ ಉಬ್ಬಿರುತ್ತದೆ. ಒತ್ತಿದರೆ, ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಬೆಂಕಿ ಹತ್ತಬಹುದು. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಹಾಗೇ ರಿಪೇರಿ ಅಣ್ಣನ ಹತ್ತಿರ ಒಯ್ದೆವು. ಅವರು ಬ್ಯಾಟರಿ ಬಿಡಿಸಿ ಮರಳು ತುಂಬಿದ ಡಬ್ಬಿಯಲ್ಲಿಟ್ಟರು. "ಏಪ್ರಿಲ್ ಮೇ ಬಂದ್ರ ಇಂಥಾವು ಭಾಳ ಬರ್ತಾವ್ರಿ ಅಮ್ಮಾರ," ಅಂದರು.

ಈಗ ಅಮ್ಮ ಬೆಳಿಗ್ಗೆ ಐದೂವರೆಗೆ ಎದ್ದು, ಬಾಗಿಲಿಗೆ ನೀರು ಹಾಕಿ ಬಂದ ಮೇಲೆ, ನಡುಮನೆಯ ಕಲ್ಲಿನ ಮೇಲೆ ಫೋನನ್ನು ಚಾರ್ಜಿಗೆ ಇಡುತ್ತಾರೆ. ದಿನದಲ್ಲಿ ಎಲ್ಲಕ್ಕಿಂತ ತಂಪಾದ ಹೊತ್ತು ಅದೇ. ಚಹಾ, ತಿಂಡಿ ಮುಗಿಯುವಷ್ಟರಲ್ಲಿ 80 ದಾಟಿರುತ್ತದೆ, ವೈರು ಕೀಳುತ್ತಾರೆ. ಆಟೊ ದೋಸ್ತ ಫೋನನ್ನು ಗಾಜಿನಿಂದ ಇಳಿಸಿ ಹ್ಯಾಂಡಲ್ ಕೆಳಗಿನ ನೆರಳಿಗೆ ಹಾಕಿಕೊಂಡಿದ್ದಾನೆ, ದಾರಿಯನ್ನು ಕಿವಿಯಲ್ಲಿ ಕೇಳಿಸಿಕೊಳ್ಳುತ್ತಾನೆ. ಮೊನ್ನೆ ಮಿರ್ಚಿ ಬಂಡಿ ಹತ್ತಿರ ಫೋನ್ ತೆಗೆದು ನನ್ನ ಅಂಗೈಗೆ ಇಟ್ಟು ನೋಡು ಅಂದ. ಮಧ್ಯಾಹ್ನ 43 ಡಿಗ್ರಿ ಇದ್ದ ದಿನ ಅದು. ಬೆಚ್ಚಗಿತ್ತು, ಸುಡುತ್ತಿರಲಿಲ್ಲ.