ಐಸ್ ಮೇಲೆ ಗೂಬೆ ಕೂರಿಸುವ ಮೊದಲು

"ಡಾಕ್ಟ್ರೇ, ಎಷ್ಟು ಬೈದರೂ ಕೇಳಲ್ಲ. ಐಸ್ ಹಾಕ್ಕೊಂಡು ಜ್ಯೂಸ್ ಕುಡೀತಾನೆ, ಐದೇ ನಿಮಿಷಕ್ಕೆ ಕೆಮ್ಮು, ಉಬ್ಬಸ." ತಾಯಿ ಹೇಳುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಒಂಬತ್ತು ವರ್ಷದ ಮಗ ಮೆಲ್ಲಗೆ ಅಂದ: "ಐಸ್ ಹಾಕದಿದ್ರೂ ಬರುತ್ತೆ."

ಅವನ ಮಾತಿನಲ್ಲೇ ಸುಳಿವಿತ್ತು. ಜ್ಯೂಸ್ ಅಂದರೆ ಅಮ್ಮನೇ ಮಾಡಿಟ್ಟ ಲಿಂಬೆ ಸ್ಕ್ವಾಷ್. ಕೆಡದ ಹಾಗೆ ಏನು ಹಾಕ್ತೀರಮ್ಮಾ ಅಂದೆ. "ಕೆ.ಎಂ.ಎಸ್. ಸರ್. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದು."

ಅದು ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಪ್ಯಾಕೆಟ್‌ಗಳ ಮೇಲೆ 224 ಅಂತಿರುತ್ತದೆ. ಹುಳಿ ರಸಕ್ಕೆ ಬಿದ್ದರೆ ಗಂಧಕದ ಡೈಆಕ್ಸೈಡ್ ಬಿಡುತ್ತದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಚುರ್ ಅನ್ನುತ್ತದಲ್ಲ, ಅದೇ ಅನಿಲ. ಬೂಷ್ಟು, ಯೀಸ್ಟ್ ಬೆಳೆಯದಂತೆ ತಡೆಯುತ್ತದೆ, ರಸದ ಬಣ್ಣ ಕಪ್ಪಾಗಲು ಬಿಡುವುದಿಲ್ಲ. ಈ ಅನಿಲ, ಅದನ್ನು ಬಿಡುವ ಕೆ.ಎಂ.ಎಸ್.ನಂಥ ಪುಡಿಗಳು, ಎಲ್ಲಕ್ಕೂ ಸೇರಿಸಿ ಸಲ್ಫೈಟ್ ಅನ್ನುತ್ತಾರೆ. ನಮ್ಮ ಮೈಯಲ್ಲಿ ಸಲ್ಫೈಟನ್ನು ಸಲ್ಫೇಟ್ ಮಾಡುವ ಕಿಣ್ವ ಇದೆ, ಆ ಸಲ್ಫೇಟ್ ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಅಸ್ತಮಾ ಇರುವ 100 ಜನರಲ್ಲಿ ಸುಮಾರು 3ರಿಂದ 10 ಮಂದಿಗೆ ಇದು ತಾಗುತ್ತದೆ. ನುಂಗುವಾಗ ಎದ್ದ ಅನಿಲ ಉಸಿರಿನ ಜೊತೆ ಒಳಗೆ ಹೋಗುತ್ತದೆ, ಕೊಳವೆಗಳು ಬಿಗಿಯುತ್ತವೆ.

ಒಂದು ಸಣ್ಣ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯೂ ಇರುವ ತಜ್ಞರ ಸಮಿತಿ ಹಾಕಿದ ಮಿತಿ, ದಿನಕ್ಕೆ ಮೈತೂಕದ ಕಿಲೋಗೆ ಈ ಅನಿಲ 0.7 ಮಿಲಿಗ್ರಾಂ. ಈ ಹುಡುಗ 25 ಕಿಲೋ, ಅಂದರೆ 17.5 ಮಿಲಿಗ್ರಾಂ. ಸ್ಕ್ವಾಷ್‌ನ ಕಿಲೋಗೆ 350 ಮಿಲಿಗ್ರಾಂ ಅನಿಲ ಇದ್ದರೆ, ಒಂದು ಲೋಟಕ್ಕೆ ಬೆರೆಸುವ 50 ಗ್ರಾಂನಲ್ಲೇ ಅಷ್ಟೂ ಬಂತು! ಅದೂ ಅಳತೆ ಸರಿಯಿದ್ದರೆ. ಕಿಲೋಗೆ ಬೇಕಾದ ಪುಡಿ ಅರ್ಧ ಗ್ರಾಂ ಚಿಲ್ಲರೆ. ಅಡುಗೆಮನೆಯಲ್ಲಿ ಅಷ್ಟನ್ನು ತೂಗುವವರು ಯಾರು? ಚಿಟಿಕೆ ಅಂದರೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು.

ಪುನರ್ಪುಳಿ, ನೇರಳೆಯಂಥ ಬಣ್ಣದ ರಸಕ್ಕೆ ಕೆ.ಎಂ.ಎಸ್. ಹಾಕಿದರೆ ಬಣ್ಣ ಬಿಳಿಚುತ್ತದೆ. ಅಲ್ಲಿ ಕೆಡದ ಹಾಗೆ ಹಾಕುವುದು ಸೋಡಿಯಂ ಬೆಂಜೋಯೇಟ್, ಅದರ ಕಥೆ ಬೇರೆ.

ಸಲ್ಫೈಟ್ ಬಾಟಲಿಯಲ್ಲಿ ಮಾತ್ರ ಇಲ್ಲ. ಹೊಂಬಣ್ಣದ ಒಣದ್ರಾಕ್ಷಿಗೆ ಗಂಧಕದ ಹೊಗೆ ಕೊಟ್ಟಿರುತ್ತಾರೆ. ಕಿತ್ತಳೆ ಬಣ್ಣದ ಏಪ್ರಿಕಾಟ್ ಕೂಡ ಹಾಗೇ, ಏನೂ ಹಾಕದೆ ಒಣಗಿಸಿದರೆ ಅದು ಕಂದು. ಕೆಲವು ಆಲೆಮನೆಗಳಲ್ಲಿ ಬೆಲ್ಲ ಬೆಳ್ಳಗಾಗಲು ಹಾಕುವ 'ಹೈಡ್ರೋಸ್' ಇದೇ ಕುಟುಂಬದ್ದು. ನನಗಂತೂ ಕಪ್ಪು ಬೆಲ್ಲವೇ ಚೆಂದ. ಅಮೆರಿಕದಲ್ಲಿ ಹಸಿ ತರಕಾರಿಗೆ ಸಲ್ಫೈಟ್ ಸಿಂಪಡಿಸುವುದನ್ನು 1986ರಲ್ಲೇ ನಿಷೇಧಿಸಿದರು. ಸಲಾಡ್ ತಿಂದ ಅಸ್ತಮಾ ರೋಗಿಗಳು ಸತ್ತ ಮೇಲೆ. ನಮ್ಮಲ್ಲಿ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಪ್ಯಾಕೆಟ್ ಮೇಲೆ ಹೇಳಲೇಬೇಕು. 220ರಿಂದ 228ರವರೆಗಿನ ಸಂಖ್ಯೆ ಹುಡುಕಿ. ಬಿಡಿಯಾಗಿ ತೂಗಿ ಕೊಡುವ ದ್ರಾಕ್ಷಿ, ಬೆಲ್ಲದ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ ಅನ್ನುವುದೇ ತಲೆನೋವು.

ಮುಂದಿನ ವಾರ ಹುಡುಗನನ್ನು ಕ್ಲಿನಿಕ್‌ನಲ್ಲೇ ಕೂರಿಸಿ, ನೆಬ್ಯುಲೈಸರ್ ಪಕ್ಕದಲ್ಲಿಟ್ಟುಕೊಂಡು, ಆಗಷ್ಟೇ ಹಿಂಡಿದ ಲಿಂಬೆ ಶರಬತ್ತು ಕೊಟ್ಟೆ, ಐಸ್ ಹಾಕಿಯೇ. ಮುಕ್ಕಾಲು ಗಂಟೆ ಕಾದೆವು. ಕೆಮ್ಮಲಿಲ್ಲ. (ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ.) ಇನ್‌ಹೇಲರ್ ಮುಂದುವರಿದಿದೆ, ಸ್ಕ್ವಾಷ್ ನಿಂತಿದೆ. ಅವನಮ್ಮ ಈಗ ಲಿಂಬೆರಸವನ್ನು ಐಸ್ ಟ್ರೇಯಲ್ಲಿ ಹುಯ್ದು ಫ್ರೀಜರ್‌ನಲ್ಲಿ ಇಡುತ್ತಾರಂತೆ.